ಮಳೆಯಲ್ಲಿ ಕರೆಯಲು ಬಂದ ತಮ್ಮ

ಫೋನಿನಲ್ಲಿ ಬರೆಯುವುದನ್ನು ನನಗೆ ಕಲಿಸಿದವಳು ಸೊಸೆ. ಒಂದೊಂದೇ ಅಕ್ಷರ ಹುಡುಕಿ ಒತ್ತುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಹೋಗುತ್ತಿತ್ತು. ಆದರೂ ಬಿಡಲಿಲ್ಲ. ಕಲಿತ ಮೇಲೆ ನಾನು ಮಾಡಿದ ಮೊದಲ ಕೆಲಸವೇ ಕಿಡಿಗೇಡಿತನದ್ದು.

ನಮ್ಮ ತವರಿನವರೆಲ್ಲ ಸೇರಿ ಫೋನಿನಲ್ಲಿ ಒಂದು ಗ್ರೂಪ್ ಮಾಡಿಕೊಂಡಿದ್ದಾರೆ. ಮುದ್ದೇಬಿಹಾಳದ ಹತ್ತಿರದ ಹಳ್ಳಿಯಲ್ಲಿರುವ ನನ್ನ ತಮ್ಮ ಅದರಲ್ಲಿ ದಿನಾ ಬೆಳಿಗ್ಗೆ ತನ್ನ ಮೋಟರ್‌ಸೈಕಲ್ಲಿನ ಫೋಟೊ ಹಾಕುತ್ತಾನೆ. ತೊಳೆದ ಮೋಟರ್‌ಸೈಕಲ್, ಒರೆಸಿದ ಮೋಟರ್‌ಸೈಕಲ್, ಬೇವಿನ ಗಿಡದ ಕೆಳಗೆ ನಿಂತ ಮೋಟರ್‌ಸೈಕಲ್. ಅವನಿಗೂ ಮೊಮ್ಮಕ್ಕಳಿದ್ದಾರೆ. ಆ ಮಕ್ಕಳ ಮುಖ ಹೇಗಿದೆ ಎಂದು ಗ್ರೂಪಿನವರಿಗೆ ಇನ್ನೂ ಗೊತ್ತಿಲ್ಲ.

ನಮ್ಮ ಕಡೆ ನಾಗರ ಪಂಚಮಿಗೆ ಹೆಣ್ಣುಮಗಳನ್ನು ತವರಿನವರು ಬಂದು ಕರೆಯಬೇಕು. ಅಪ್ಪ ಇರುವ ತನಕ ಅಪ್ಪ ಬಂದ. ಆಮೇಲೆ ತಮ್ಮ ಬಂದ. ಈಚೆಗೆ ಅವನಿಗೂ ವಯಸ್ಸಾಯಿತು, ಫೋನು ಮಾಡಿ "ಬಸ್ ಹತ್ತಿ ಬಾ ಅಕ್ಕಾ" ಅನ್ನತೊಡಗಿದ. ನನ್ನ ಲೆಕ್ಕದಲ್ಲಿ ಅದು ಕರೆದಂತಲ್ಲ. ಹಾಗಂತ ನನಗೆ ಕೋಪವೂ ಇರಲಿಲ್ಲ. ಮೊಣಕಾಲು ನೋವು, ಗಂಡನ ಮನೆ ಇಂಡಿಯಲ್ಲೇ ಹಬ್ಬದ ಉಂಡಿ ಕಟ್ಟಿಕೊಂಡು ಹಾಯಾಗಿದ್ದೆ. ಈ ವರ್ಷ ಯಾರು ಬಂದರೂ ಹೋಗುವುದಿಲ್ಲ ಎಂದು ಸೊಸೆಗೂ ಹೇಳಿಯಾಗಿತ್ತು.

ಆದರೆ ಕೈಯಲ್ಲಿ ಹೊಸ ವಿದ್ಯೆ ಇತ್ತು. ಪಂಚಮಿಗೆ ಇನ್ನೇನು ಸ್ವಲ್ಪ ದಿನ ಇರುವಾಗ, ಮಧ್ಯಾಹ್ನ ಒಬ್ಬಳೇ ಕುಳಿತು, ಕನ್ನಡಕ ಏರಿಸಿ ಗ್ರೂಪಿನಲ್ಲಿ ಬರೆದೆ: "ಪಂಚಮಿ ಬಂತು. ನನ್ನ ತಮ್ಮಗ ಗಾಡಿ ಒರಸಾಕ ಪುರಸೊತ್ತೈತಿ, ಅಕ್ಕನ್ನ ಕರಿಯಾಕ ಬರಾಕ ಇಲ್ಲ. ನನ್ನ ತವರು ಮುಗೀತು ಅನ್ಕೊಂತೇನಿ."

ಎಲ್ಲರಿಗೂ ಹಬ್ಬವಾಯಿತು. ಒಬ್ಬ "ಕಾಕಾ, ಉತ್ತರ ಕೊಡ್ರಿ" ಎಂದ. ಇನ್ನೊಬ್ಬಳು "ಗಾಡಿ ಫೋಟೊಕ್ಕಷ್ಟ ಐತಿ, ಓಡೂದಿಲ್ಲಂತ" ಎಂದಳು. ನಾನು ಸೆರಗು ಬಾಯಿಗೆ ಹಿಡಿದು ನಕ್ಕೆ. ತಮ್ಮ ಒಂದಕ್ಷರವನ್ನೂ ಬರೆಯಲಿಲ್ಲ. ಮರುದಿನ ಬೆಳಿಗ್ಗೆ ಮೋಟರ್‌ಸೈಕಲ್ಲಿನ ಫೋಟೊ ಬರಲಿಲ್ಲ. ಆಗಲೇ ನನ್ನ ನಗು ಸ್ವಲ್ಪ ಇಳಿಯಿತು.

ಹಬ್ಬಕ್ಕೆ ಮುಂಚೆ ಮಳೆ ಹಿಡಿಯಿತು. ಶ್ರಾವಣದ ಜಿಟಿಜಿಟಿ ಅಲ್ಲ, ಗಾಳಿ ಕಟ್ಟಿಕೊಂಡು ಬಂದ ಮಳೆ. ನಮ್ಮ ನಿಂಬೆ ತೋಟದಲ್ಲಿ ಕಾಯಿ ಉದುರಿ ನೀರಿನಲ್ಲಿ ತೇಲುತ್ತಿದ್ದವು. ಅಂಥ ಒಂದು ಬೆಳಿಗ್ಗೆ ತಮ್ಮನ ಹೆಂಡತಿಯ ಫೋನು ಬಂತು.

"ಅಕ್ಕಾರ, ನಿಮ್ಮ ತಮ್ಮ ಹೊಂಟ ಬಿಟ್ರು."

"ಎಲ್ಲಿಗೆ?"

"ಎಲ್ಲಿಗಂದ್ರ? ನಿಮ್ಮನ್ನ ಕರಿಯಾಕ! ಗಾಡಿ ತುಗೊಂಡು ಒಬ್ಬರ ಹ್ವಾದ್ರು. ಬಸ್ಸಿಗೆ ಹೋಗ್ರಿ ಅಂದ್ರ, ಗಾಡಿ ಓಡೂದಿಲ್ಲ ಅಂದಾರಲ್ಲ, ಓಡಿಸಿ ತೋರಸ್ತೇನಿ ಅಂದ್ರು."

ಮುದ್ದೇಬಿಹಾಳ ಎಲ್ಲಿ, ಇಂಡಿ ಎಲ್ಲಿ. ಜಿಲ್ಲೆಯ ಆ ತುದಿಯಿಂದ ಈ ತುದಿಗೆ, ಹರೆಯದವರೂ ಅಂಥ ಮಳೆಯಲ್ಲಿ ಹೊರಡುವುದಿಲ್ಲ. ಇವನಿಗೆ ಕಣ್ಣಿನ ಆಪರೇಷನ್ ಬೇರೆ ಆಗಿದೆ.

ಸೊಸೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. "ಅತ್ತಿ, ನಿಮಗ ಬರಿಯಾಕ ಕಲಿಸಿದ್ದ ನಂದ ತಪ್ಪು ಆತ್ ನೋಡ್ರಿ."

ಅವನಿಗೆ ಫೋನು ಹಚ್ಚಿದೆ. ತಾಗಲಿಲ್ಲ. ಹಚ್ಚಿದೆ, ತಾಗಲಿಲ್ಲ. ಊಟದ ಹೊತ್ತಿಗೆ ಅವನೇ ಮಾಡಿದ.

"ಯಕ್ಕಾ, ಬಾಗೇವಾಡ್ಯಾಗ ಅದೀನಿ. ತಾಳಿಕೋಟಿ ದಾರಿ ಹಿಡಿದಿದ್ದೆ, ಡೋಣಿ ಹೊಳಿ ತುಂಬೈತಿ ಅಂತ ಅರ್ಧ ದಾರ್ಯಾಗ ಹೊಳ್ಳಿಸಿ ಕಳಿಸಿದ್ರು. ಸುತ್ತ ಹಾಕಿ ಬರ್ತೇನಿ. ಮಳಿ ಏನ್ ಇಲ್ಲ ಇಲ್ಲಿ."

ಅವನ ತಲೆಯ ಮೇಲಿನ ತಗಡಿಗೆ ಮಳೆ ಬಡಿಯುವ ಸದ್ದು ನನಗೆ ಕೇಳುತ್ತಿತ್ತು. ಅವನ ಮಾತಿಗಿಂತ ಅದೇ ಜೋರಾಗಿತ್ತು.

"ಸುಳ್ಳ ಹೇಳಬ್ಯಾಡೋ. ಹೊಳ್ಳಿ ಮನಿಗಿ ಹೋಗು."

"ಕರಿಯಾಕ ಹೊಂಟಾವ ಅರ್ಧಕ್ಕ ಹೊಳ್ಳತಾನೇನು? ಅಪ್ಪ ಎಂದಾದ್ರೂ ಹೊಳ್ಳಿದ್ನ? ಉಂಡಿ ಬುತ್ತಿ ಕಟ್ಟಸ್ಕೊಂಡ ಬಂದೇನಿ."

ಆಗಲೇ ಹೇಳಬಹುದಿತ್ತು. ತಮ್ಮಾ, ನಾನು ಚ್ಯಾಷ್ಟಿಗೆ ಬರೆದದ್ದು, ನಾನು ಬರುವವಳೇ ಅಲ್ಲ. ಬಾಯಿಯ ತನಕ ಬಂದಿತ್ತು. ಹೇಳಲಿಲ್ಲ. ಹೇಳಿದರೆ ಅವನಿಗೆ ಬೇಸರವಾಗುತ್ತದೆ ಎಂದು ಅಂದುಕೊಂಡೆ, ಅದೂ ಸುಳ್ಳು. ಒಳಗೊಳಗೆ ನನಗೆ ಖುಷಿಯಾಗಿತ್ತು. ಈ ವಯಸ್ಸಿನಲ್ಲಿ, ಇಂಥ ಮಳೆಯಲ್ಲಿ, ನನ್ನನ್ನು ಕರೆಯಲು ತವರಿನಿಂದ ಒಬ್ಬ ಹೊರಟಿದ್ದಾನೆ. ಆ ಖುಷಿಗೆ ನಾನು ಸುಮ್ಮನಾದೆ. ಅವನು ಫೋನಿಟ್ಟ.

ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಸಿಂದಗಿ ಮುಟ್ಟಿದ ಮೇಲೆ ಫೋನು ಮಾಡುತ್ತೇನೆ ಎಂದಿದ್ದ. ಮಾಡಲಿಲ್ಲ. ನಾನು ಮಾಡಿದರೆ ಸ್ವಿಚ್ ಆಫ್. ಅವನ ಹೆಂಡತಿ ಮತ್ತೆ ಮತ್ತೆ ಕೇಳುತ್ತಿದ್ದಳು, "ಬಂದ್ರೇನ್ರಿ ಅಕ್ಕಾರ?" ಅವಳು ನನ್ನನ್ನು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ.

ಕಟ್ಟೆಯ ಮೇಲೆ ಕುಳಿತೆ. ಎರೆಮಣ್ಣಿನ ದಾರಿ ನನಗೆ ಗೊತ್ತು. ನೀರು ಕುಡಿದರೆ ಗಾಲಿಗೆ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ. ಡಾಂಬರಿನ ಮೇಲೂ ಟ್ರ್ಯಾಕ್ಟರುಗಳು ಆ ಮಣ್ಣನ್ನು ಎಳೆತಂದು ಹಾಕಿರುತ್ತವೆ. ಚಿಕ್ಕವನಿದ್ದಾಗ ಅವನಿಗೆ ಸೈಕಲ್ ಕಲಿಸಿದವಳು ನಾನೇ. ಹಿಂದೆ ಹಿಡಿದಿದ್ದೇನೆ ಅನ್ನುತ್ತ ಕೈ ಬಿಟ್ಟು ನಗುತ್ತಿದ್ದೆ.

ಸೊಸೆ ಚಹಾ ತಂದಿಟ್ಟಳು. ಆರಿಹೋಯಿತು. ಮತ್ತೆ ತಂದಳು. "ಕುಡೀರಿ ಅತ್ತಿ. ನೀವು ಉಪಾಸ ಕುಂತ್ರ ಗಾಡಿ ಜಲ್ದಿ ಬರತೈತೇನು?" ಎಂದಳು. ಅವಳ ಕಣ್ಣೂ ದಾರಿಯ ಮೇಲೇ ಇತ್ತು.

ದನ ಕಟ್ಟುವ ಹೊತ್ತಿಗೆ ಸದ್ದು ಕೇಳಿತು. ಓಣಿಯ ತಿರುವಿನಲ್ಲಿ ಒಂದು ಮಣ್ಣಿನ ಮುದ್ದೆ ಕಾಣಿಸಿತು. ಗಾಡಿ ಯಾವುದು, ಮನುಷ್ಯ ಯಾವನು ತಿಳಿಯುವಂತಿರಲಿಲ್ಲ. ಮುಂದಿನ ದೀಪದ ಗಾಜು ಒಡೆದಿತ್ತು. ಅವನು ಇಳಿಯಲು ಹೋಗಿ ಕಾಲು ಎತ್ತಲಾಗದೆ ಹಾಗೇ ಕುಳಿತ. ಸೊಸೆ ಓಡಿಹೋಗಿ ಗಾಡಿ ಹಿಡಿದಳು, ನಾನು ಅವನನ್ನು ಹಿಡಿದೆ.

"ಗಾಡಿ ಓಡತೈತಿ ಅಂತ ಗ್ರೂಪಿಗೆ ಬರಿ" ಎಂದ. ಹಲ್ಲು ಕಟಕಟ ಅನ್ನುತ್ತಿದ್ದವು.

"ಬಿದ್ದಿಯೇನೋ?"

"ಸಿಂದಗಿ ದಾಟಿದ ಮ್ಯಾಲ ಒಂದ್ ಸ್ವಲ್ಪ ಕುಂತೆ."

ಒಳಗೆ ಕರೆದುಕೊಂಡು ಹೋಗಿ ಅಂಗಿ ಬಿಚ್ಚಿಸುವಾಗ, ಹೆಗಲಿಗೆ ಹಾಕಿದ್ದ ಚೀಲದಿಂದ ಉಂಡಿಯ ಡಬ್ಬಿ ಬಂತು. ಅದರ ಕೆಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಇನ್ನೊಂದು ಗಂಟು. ಬಿಚ್ಚಿದರೆ ರೇನ್‌ಕೋಟು. ಒಣಗಿದ್ದು. ಮಡಿಕೆ ಸಹ ಮುರಿದಿರಲಿಲ್ಲ.

"ಇದನ್ನ ಹಾಕ್ಕೊಂಡ ಬರಾಕ ಏನಾಗಿತ್ತು ನಿನಗ?"

"ಅದು ನಿನಗ. ನಾ ಹಾಕ್ಕೊಂಡ್ರ ಒದ್ದಿ ಆಗತಿತ್ತು, ನಾಳೆ ಹಿಂದ ಕುಂತಾಗ ನೀ ಏನ್ ಹಾಕ್ಕೋತಿದ್ದಿ?"

ಸೊಸೆ ನನ್ನ ಮುಖ ನೋಡಿದಳು. ಅವಳ ಹತ್ತಿರವೇ ತಾನೇ ನಾನು ಹೋಗುವುದಿಲ್ಲ ಎಂದು ಹೇಳಿದ್ದು. ಅವಳು ಟ್ರಂಕು ತೆರೆದು ನನ್ನ ಸೀರೆಗಳನ್ನು ತೆಗೆಯತೊಡಗಿದಳು. ನಾನು ಎಣ್ಣೆ ಕಾಯಿಸಿ ತಮ್ಮನ ಮೊಣಕಾಲಿಗೆ ತಿಕ್ಕಿದೆ. ಅದು ಬದನೆಕಾಯಿಯಂತೆ ಊದಿತ್ತು.

ಮರುದಿನ ಮಳೆ ಬಿಟ್ಟಿತು. ಗಾಡಿ ನಮ್ಮ ದನದ ಕೊಟ್ಟಿಗೆಯಲ್ಲೇ ಉಳಿಯಿತು. ಸೊಸೆ ಕೀಲಿಕೈ ಕೊಡಲಿಲ್ಲ. ಇಬ್ಬರೂ ಬಸ್ಸು ಹತ್ತಿದೆವು. ಹೆಲ್ಮೆಟ್ಟನ್ನು ಮಾತ್ರ ಅವನು ಬಿಡದೆ ತೊಡೆಯ ಮೇಲೆ ಇಟ್ಟುಕೊಂಡ. ನನ್ನ ತೊಡೆಯ ಮೇಲೆ ರೇನ್‌ಕೋಟು.

ಬಸ್ಸು ಅವನು ಬಂದ ದಾರಿಯಲ್ಲೇ ಹೋಯಿತು. ಕಿಟಕಿಯಿಂದ ಅವನು ಹೊಲ ತೋರಿಸುವವನಂತೆ ಉತ್ಸಾಹದಿಂದ ತೋರಿಸಿದ. "ನೋಡು, ಇಲ್ಲೇ ಬಿದ್ದದ್ದು." ರಸ್ತೆಯ ಮೇಲೆ ಗಾಜಿನ ಚೂರು ಇನ್ನೂ ಹೊಳೆಯುತ್ತಿತ್ತು. ಸಿಂದಗಿ ದಾಟಿ ಇನ್ನಷ್ಟು ದೂರ ಹೋದ ಮೇಲೆ, "ಈ ಹಳ್ಳದಾಗ ಗಾಡಿ ಬಂದ್ ಆತು. ದೂಡಿಕೊಂಡ ದಾಟಿದೆ. ಫೋನ್ ಇಲ್ಲೇ ನೀರ ಕುಡೀತು." ಹಳ್ಳ ಇನ್ನೂ ರಾಡಿಯಾಗಿ ಹರಿಯುತ್ತಿತ್ತು. ನಾನು ಆ ಕಡೆ ಬಹಳ ಹೊತ್ತು ನೋಡಲಾರದೆ ಹೋದೆ.

ಬಾಗೇವಾಡಿಯಲ್ಲಿ ಬಸ್ಸು ನಿಂತಿತು. ತಾನು ನಿಂತು ಫೋನು ಮಾಡಿದ್ದ ಚಹಾದಂಗಡಿಯ ತಗಡನ್ನು ಅವನು ತೋರಿಸಿದ. ಇನ್ನು ತಡೆಯಲಾಗಲಿಲ್ಲ.

"ತಮ್ಮಾ, ನಾ ಅದನ್ನ ಚ್ಯಾಷ್ಟಿಗೆ ಬರದಿದ್ದೆ. ನಾ ಬರಾಕಿನೂ ಇರಲಿಲ್ಲ."

ಅವನು ಹೆಲ್ಮೆಟ್ಟಿನ ಮೇಲಿನ ಮಣ್ಣನ್ನು ಉಗುರಿನಿಂದ ಕೆರೆಯುತ್ತಿದ್ದ. "ನಿನ್ನ ಚ್ಯಾಷ್ಟಿ ನನಗ ಗೊತ್ತಿಲ್ಲೇನು? ಸೈಕಲ್ ಬಿಟ್ಟಾಕಿ ನೀ. ಆದ್ರ ತವರು ಮುಗೀತು ಅಂತ ಬರದಿಯಲ್ಲ, ಅದನ್ನ ಚ್ಯಾಷ್ಟಿಗೂ ಬರೀಬಾರದವ್ವ. ಅವತ್ತ ರಾತ್ರಿ ನನಗ ಊಟ ಸೇರಲಿಲ್ಲ."

ಬೈಯಲಿಲ್ಲ. ದನಿ ಏರಿಸಲಿಲ್ಲ. ಆಮೇಲೆ, "ಮುಂದಿನ ಸಲ ಬರಿಯೂಕಿಂತ ಮೊದ್ಲ ಮಳಿ ಐತೇನ್ ನೋಡಿ ಬರಿ" ಎಂದು ನಕ್ಕ. ಅವನ ಜೊತೆ ನಗಲು ನನಗೆ ಮುದ್ದೇಬಿಹಾಳದ ತನಕ ಆಗಲಿಲ್ಲ.

ಪಂಚಮಿಯ ದಿನ ತವರಿನ ಹೊಲದ ಹುತ್ತಕ್ಕೆ ಹಾಲೆರೆಯಲು ಹೋದೆವು. ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಪಾಲು ಎರೆಯುವುದು ನಮ್ಮ ಪದ್ಧತಿ. ಅಪ್ಪನ ಪಾಲು, ಅವ್ವನ ಪಾಲು ಎರೆದೆ. ತಮ್ಮನ ಪಾಲು ಎರೆದೆ. ಹಿಂದೆ ತಿರುಗಿದರೆ ಅವನು ಬದುವಿನ ಮೇಲೆ ಕುಂಟುತ್ತ ಬರುತ್ತಿದ್ದ. ಮತ್ತೊಮ್ಮೆ ಬಟ್ಟಲು ಬಗ್ಗಿಸಿದೆ.

"ಅವರ ಪಾಲು ಆತಲ್ರಿ ಅಕ್ಕಾರ, ಇದು ಯಾರದು?" ಎಂದಳು ಅವನ ಹೆಂಡತಿ.

"ಇದು ಅವನ ಮೊಣಕಾಲಿಂದು" ಎಂದೆ.