ತಿಪ್ಪಮ್ಮ ಕೇಳಿಸಿಕೊಂಡ ರಾಷ್ಟ್ರಪತಿಯ ಕತೆ

ಜೀನ್ಸ್ ಪ್ಯಾಂಟಿನ ಸೊಂಟದ ಸುತ್ತ, ಬೆಲ್ಟು ತೂರಿಸಲೆಂದು ಹೊಲಿದಿರುವ ಬೆರಳುದ್ದದ ಪಟ್ಟಿಗಳನ್ನು ನೀವು ಎಂದಾದರೂ ಬಿಡುವಾಗಿ ನೋಡಿದ್ದೀರಾ? ನಾನಂತೂ ನೋಡಿರಲಿಲ್ಲ. ಗಡಿಯಾಚೆ ತೆಲುಗು ನಾಡಿಗೆ ಸೇರಿದ ರಾಯದುರ್ಗದ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾಗಿ, ಕೋಟೆಬೆಟ್ಟದ ನೆರಳು ಬೀಳುವ ಬೀದಿಯಲ್ಲಿ ಮನೆ ಮಾಡಿದ ಮೇಲೆ, ಪಕ್ಕದ ಹೊಲಿಗೆ ಶೆಡ್ಡಿನಲ್ಲಿ ದಿನವಿಡೀ ಆ ಪಟ್ಟಿಗಳನ್ನೇ ಹೊಲಿಯುವ ತಿಪ್ಪಮ್ಮನ ಪರಿಚಯವಾಯಿತು. ಪ್ಯಾಂಟು ಕೊಳ್ಳುವವರು ಬಣ್ಣ ನೋಡುತ್ತಾರೆ, ಜೇಬು ನೋಡುತ್ತಾರೆ. ಭಾರ ಹೊರುವ ಪಟ್ಟಿಯ ಕಡೆ ಕಣ್ಣು ಹಾಯಿಸುವವರು ಕಡಿಮೆ.

ತಿಪ್ಪಮ್ಮ ಗುಮ್ಮಘಟ್ಟದ ಕಡೆಯ ಹಳ್ಳಿಯವಳು. ಕುರಿಮಂದೆಯನ್ನೂ ಮಳೆ ನಂಬಿದ ಹೊಲವನ್ನೂ ಗಂಡ ಎರ್ರಿಸ್ವಾಮಿ ಮತ್ತು ಅತ್ತೆ ನೋಡಿಕೊಳ್ಳುತ್ತಿದ್ದರೆ, ಇವಳು ಬೆಳಿಗ್ಗೆ ಷೇರ್ ಆಟೋ ಹಿಡಿದು ಹೊಲಿಗೆಗೆ ಬರುತ್ತಿದ್ದಳು. ಐದನೆಯ ತರಗತಿಗೇ ಶಾಲೆ ಬಿಟ್ಟಿದ್ದರೂ ಆಟೋದ ಹಿಂದಿನ ಬರಹದಿಂದ ಹಿಡಿದು ಬುತ್ತಿ ಸುತ್ತಿದ ಪತ್ರಿಕೆಯವರೆಗೆ ಸಿಕ್ಕಿದ್ದನ್ನೆಲ್ಲ ಅಕ್ಷರ ಕೂಡಿಸಿ ಓದುವ ಅಭ್ಯಾಸವನ್ನು ಬಿಟ್ಟಿರಲಿಲ್ಲ.

ಮಧ್ಯಾಹ್ನ ಶೆಡ್ಡಿನ ಹೆಂಗಸರು ನನ್ನ ಮನೆಯ ಜಗಲಿಗೆ ಬಂದು ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿಕೊಂಡಾಗ ನಾನು ಏನಾದರೊಂದು ಓದಿ ಹೇಳುತ್ತಿದ್ದೆ. ಹಾಗೆ ಒಮ್ಮೆ ಕೈಗೆ ಸಿಕ್ಕಿದ್ದು ಹಿಂದಿನ ರಾಷ್ಟ್ರಪತಿಯೊಬ್ಬರ ತೆಳ್ಳನೆಯ ಜೀವನಚರಿತ್ರೆ. ಹಳ್ಳಿಯಲ್ಲಿ ಹುಟ್ಟಿದ್ದು, ಓದು ಅರ್ಧಕ್ಕೆ ಬಿಟ್ಟು ಸಾರ್ವಜನಿಕ ಜೀವನಕ್ಕೆ ಧುಮುಕಿದ್ದು, ಗೆದ್ದದ್ದು, ಸೋತು ಊರಿಗೆ ಮರಳಿದ್ದು, ಮತ್ತೆ ಕರೆ ಬಂದು ದೇಶದ ಅತ್ಯುನ್ನತ ಪೀಠ ಏರಿದ್ದು, ಎಲ್ಲವೂ ಅದರಲ್ಲಿ ಗಂಭೀರವಾಗಿ, ಕೊಂಚ ನೀರಸವಾಗಿ ನಡೆಯುತ್ತಿತ್ತು. ಉಳಿದವರು ಪಟ್ಟಾಭಿಷೇಕಕ್ಕೆ ಕಾಯುತ್ತಿದ್ದರು. ತಿಪ್ಪಮ್ಮ ಮಾತ್ರ ಸೋಲಿನ ಪುಟದಲ್ಲೇ ನಿಂತುಬಿಟ್ಟಳು.

“ಸೋತು ಮನೀಗೆ ಬಂದ್ರಲ್ರಿ ಟೀಚರ್, ಅವತ್ತು ಅವ್ರು ಏನ್ಮಾಡಿದ್ರಂತ?”

“ಅದೇನೂ ಬರ್ದಿಲ್ವಲ್ಲಮ್ಮ,” ಎಂದೆ. ಮಡಕಶಿರಾ ತಾಲ್ಲೂಕಿನ ರತ್ನಗಿರಿಯವಳಾದ ನನ್ನ ಬೇರೆ ಧಾಟಿಯ ಕನ್ನಡಕ್ಕೆ ಅವರೆಲ್ಲ ಒಳಗೊಳಗೇ ನಗುತ್ತಿದ್ದರು.

“ಗೆದ್ದದ್ದು ಎಲ್ಲಾರೂ ಬರೀತಾರ್ರಿ. ಮರುದಿನ ಎದ್ದು ಮತ್ತ ಹೊರಗ ಬಂದ್ರಲ್ಲ, ಅದನ್ನ ಬರೀಬೇಕಿತ್ತು.”

ಎಷ್ಟೋ ತರಗತಿಗಳಿಗೆ ಇಂಥ ಪಾಠಗಳನ್ನು ಹೇಳಿದ್ದ ನನಗೆ ಆ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಮುಂದೆ ಪಂಚಾಯಿತಿ ಚುನಾವಣೆ ಬಂತು. ಅವಳ ಊರಿನ ಸರ್ಪಂಚ್, ಎಂದರೆ ಪಂಚಾಯಿತಿ ಅಧ್ಯಕ್ಷರ ಸ್ಥಾನ ಮಹಿಳೆಗೆ ಮೀಸಲಾಯಿತು. ಎರ್ರಿಸ್ವಾಮಿ ನಾಲ್ಕು ಜನಕ್ಕೆ ಬೇಕಾದವನು. ಅವನ ಹೆಂಡತಿಯನ್ನು ನಿಲ್ಲಿಸಿದರೆ ಅವನೇ ನಡೆಸಿಕೊಂಡು ಹೋಗುತ್ತಾನೆಂದು ಹಿರಿಯರು ಲೆಕ್ಕ ಹಾಕಿದರು. ತಿಪ್ಪಮ್ಮ ಗೆದ್ದಳು. ಹಾರ ಬಿದ್ದದ್ದು ಗಂಡನ ಕೊರಳಿಗೆ. ಕಚೇರಿಯ ಕುರ್ಚಿಯಲ್ಲಿ ಅವನು ಕುಳಿತ. ಕಾಗದಗಳು ಮನೆಗೆ ಬಂದವು, ಅವನು ತೋರಿಸಿದಲ್ಲಿ ಇವಳು ಸಹಿ ಮಾಡಿದಳು. ಅವನೇನೂ ಕೆಟ್ಟವನಲ್ಲ. ಲೋಕವೇ ಹಾಗೆ ನಡೆಯುವಾಗ ತಾನೊಬ್ಬ ಬೇರೆ ಹೇಗೆ ನಡೆಯಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೆ.

ಒಂದು ಭಾನುವಾರ ಅವಳು ಒಬ್ಬಳೇ ನನ್ನ ಮನೆಗೆ ಬಂದಳು. ಕುಳಿತವಳು ನೀರನ್ನೂ ಕುಡಿಯದೆ ಕೇಳಿದಳು: “ಟೀಚರ್ರೀ, ರಾಷ್ಟ್ರಪತಿ ಅಂದ್ರ ಯಾರಿಗೆ ಪತಿ?”

ಇಲ್ಲಿ ಪತಿಯೆಂದರೆ ಗಂಡನಲ್ಲ, ಒಡೆತನದ ಹೊಣೆ ಹೊತ್ತವರು. ಆ ಪೀಠದಲ್ಲಿ ಗಂಡಸು ಕುಳಿತರೂ ಹೆಂಗಸು ಕುಳಿತರೂ ಪದ ಬದಲಾಗುವುದಿಲ್ಲ ಎಂದು ನಾನು ಹಳೆಯ ಚಟದಂತೆ ವ್ಯಾಕರಣ ಬಿಡಿಸಿ ಹೇಳಿದೆ. ಅವಳು ನೆಲ ನೋಡುತ್ತ ಕೇಳಿಸಿಕೊಂಡಳು.

“ಅಲ್ಲಿ ಹೆಣ್ಮಗಳು ಕುಂತ್ರ ಅಕೀನೇ ಪತಿ. ಊರಾಗ ನಾ ಗೆದ್ರ, ನನ್ ಗಂಡ ಯಾಕ್ರಿ ಸರ್ಪಂಚು?”

ಅವಳಿಗೆ ಬೇಕಾಗಿದ್ದುದು ಉತ್ತರವಲ್ಲ. ಪ್ರಮಾಣವಚನದ ದಿನ ಅಧಿಕಾರಿ ತೆಲುಗಿನಲ್ಲಿ ಹೇಳಿದ್ದಕ್ಕೆ ತಾನು ಬರೀ ತುಟಿ ಆಡಿಸಿದ್ದೆನೆಂದೂ, ಏನು ಮಾತು ಕೊಟ್ಟೆನೆಂಬುದೇ ತನಗೆ ನೆನಪಿಲ್ಲವೆಂದೂ ಹೇಳಿ, ಅದನ್ನು ಕನ್ನಡದಲ್ಲಿ ಬರೆದುಕೊಡಲು ಕೇಳಿದಳು. ಬರೆದುಕೊಟ್ಟೆ. ಅಂದಿನಿಂದ ಪ್ರತಿ ಭಾನುವಾರ ಬಂದಳು. ಪ್ರಮಾಣವಚನದಿಂದ ಆರಂಭವಾದ ಓದು ನಡಾವಳಿ ಪುಸ್ತಕಕ್ಕೂ, ಅಲ್ಲಿಂದ ಸರ್ಕಾರಿ ಸುತ್ತೋಲೆಗೂ ಹರಿಯಿತು. ಅರ್ಥವಾಗದ ಕಾಗದಕ್ಕೆ ಸಹಿ ಹಾಕುವುದನ್ನು ಅವಳು ನಿಲ್ಲಿಸಿದಳು. ಮನೆಯಲ್ಲಿ ಕೆಲವು ದಿನ ಮಾತು ನಿಂತಿತ್ತೆಂದು ಆಮೇಲೆ ತಿಳಿಯಿತು.

ಗಣರಾಜ್ಯೋತ್ಸವದ ಬೆಳಿಗ್ಗೆ ನನ್ನನ್ನೂ ಊರಿಗೆ ಕರೆದಿದ್ದಳು. ಪಂಚಾಯಿತಿ ಕಚೇರಿಯ ಮುಂದೆ ಜನ ಸೇರಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಎರ್ರಿಸ್ವಾಮಿ ಧ್ವಜಸ್ತಂಭದ ಪಕ್ಕದಲ್ಲೇ ನಿಂತಿದ್ದ. ಪಂಚಾಯಿತಿ ಕಾರ್ಯದರ್ಶಿ ರೂಢಿಯಂತೆ ಹಗ್ಗವನ್ನು ಅವನ ಕಡೆ ಚಾಚಿದ. ತಿಪ್ಪಮ್ಮ ಹೆಂಗಸರ ಗುಂಪಿನಿಂದ ಹೊರಬಂದು ನೇರ ಅಲ್ಲಿಗೆ ನಡೆದಳು.

“ಇಲ್ಲಿ ಕೊಡ್ರಿ. ಗೆದ್ದಾಕಿ ನಾನು.”

ಕೂಗಿ ಹೇಳಿದ ಮಾತಲ್ಲ ಅದು. ಕಾರ್ಯದರ್ಶಿ ಎರ್ರಿಸ್ವಾಮಿಯ ಮುಖ ನೋಡಿದ. ಎರ್ರಿಸ್ವಾಮಿ ಹೆಂಡತಿಯ ಮುಖ ನೋಡಿದ. ಚಾಚಿದ ಕೈಯನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಗಂಡ ಒಂದು ಹೆಜ್ಜೆ ಹಿಂದೆ ಸರಿದ. ಆಗ ಕಾರ್ಯದರ್ಶಿ ತೆಲುಗಿನಲ್ಲಿ, ಮೊದಲ ಬಾರಿಗೆ ಅವಳನ್ನು ಬಹುವಚನದಲ್ಲಿ ಕರೆದು, ನೀವೇ ಹಾರಿಸಿ ಎಂದ: “ಮೀರೇ ಎಗರೇಯಂಡಿ, ಮೇಡಂ.”

ಹಗ್ಗದ ಗಂಟು ಬಿಗಿದುಕೊಂಡಿತ್ತು. ದಪ್ಪ ಜೀನ್ಸಿನ ಮೇಲೆ ತಪ್ಪು ಬಿದ್ದ ಹೊಲಿಗೆಗಳನ್ನು ನಿತ್ಯ ಬಿಚ್ಚುವ ಅವಳ ಉಗುರಿಗೆ ಅದು ದೊಡ್ಡದೇ? ಎರಡು ಗಳಿಗೆಯಲ್ಲಿ ಬಿಡಿಸಿ, ಉಸಿರು ಹಿಡಿದು ಎಳೆದಳು. ಬಾವುಟ ಬಿಚ್ಚಿತು, ಹೂವಿನ ಪಕಳೆಗಳು ಅವಳ ತಲೆಯ ಮೇಲೆಲ್ಲ ಉದುರಿದವು. “ನನ್ ಸೊಸೀನ್ರೋ ಅಕಿ!” ಎಂದು ಅತ್ತೆ ಕೂಗಿದ್ದು ರಾಷ್ಟ್ರಗೀತೆ ಶುರುವಾಗುವ ಮೊದಲು ಊರಿಗೆಲ್ಲ ಕೇಳಿಸಿತು. ಗೀತೆ ಮುಗಿದ ಮೇಲೆ ತಿಪ್ಪಮ್ಮ ಸೆರಗಿನಿಂದ ಕಾಗದ ತೆಗೆದು, ತಾನು ಅಂದು ಅರಿಯದೆ ಕೊಟ್ಟ ಮಾತನ್ನು ಇಂದು ಅರಿತು, ಕನ್ನಡದಲ್ಲಿ, ಒಂದು ಅಕ್ಷರವೂ ತಪ್ಪದೆ ಓದಿದಳು. ಜೀವನಚರಿತ್ರೆಗಳ ಕೊನೆಯ ಪುಟದ ಭವ್ಯತೆಯನ್ನು ನಾನು ಅಲ್ಲಿಯವರೆಗೆ ದಿಲ್ಲಿಯಲ್ಲೇ ಊಹಿಸಿಕೊಂಡಿದ್ದೆ. ಅದು ಗುಮ್ಮಘಟ್ಟದ ಕೆಂಪು ಧೂಳಿನಲ್ಲೂ ಬರಿಗಾಲಲ್ಲಿ ನಿಲ್ಲಬಲ್ಲದೆಂದು ಆ ಬೆಳಿಗ್ಗೆ ಕಂಡೆ.

ಕಳೆದ ತಿಂಗಳು ಅವಳ ಗ್ರಾಮಸಭೆಗೆ ಹೋಗಿದ್ದೆ. ಮೇಜಿನ ಹಿಂದೆ ತಿಪ್ಪಮ್ಮ, ಎದುರು ಚಾಪೆಯ ಮೇಲೆ ಊರು. ಕುರಿ ನೀರಿನ ತೊಟ್ಟಿಯ ವಿಷಯ ಬಂದಾಗ ಹಿಂದಿನ ಸಾಲಿನಿಂದ ಒಬ್ಬರು ಕೈ ಎತ್ತಿದರು. ಎರ್ರಿಸ್ವಾಮಿ.

“ಸರ್ಪಂಚರ, ತೊಟ್ಟಿ ಒಡದೈತ್ರಿ. ಕುರಿಗೆ ನೀರಿಲ್ಲ.”

ತಿಪ್ಪಮ್ಮ ನಡಾವಳಿ ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ತೆಗೆದು, ಎಲ್ಲರನ್ನೂ ಕೇಳುವಂತೆಯೇ ಕೇಳಿದಳು:

“ಬರ್ಕೊಂತೀನ್ರಿ. ತಮ್ಮ ಹೆಸರು?”

ಮೊದಲು ನಕ್ಕವನು ಎರ್ರಿಸ್ವಾಮಿಯೇ. ಆಮೇಲೆ ಎದ್ದು ನಿಂತು, ಅಂಗಿ ಸರಿಪಡಿಸಿಕೊಂಡು, ತನ್ನ ಪೂರ್ತಿ ಹೆಸರು ಹೇಳಿದ.