ಒಂದೇ ಸಲ ಒತ್ತಿದ ಬೆಲ್ಲು

ನನಗೆ ಕಾಯುವುದೆಂದರೆ ಆಗದು. ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್ಕಿಗೆ ಸಿಕ್ಕಿ ಬಸ್ಸು ನಿಂತರೆ ಇಳಿದು ನಡೆದೇಬಿಡುವ ಜಾತಿ ನಾನು. ಅಂಥವಳಿಗೆ ಗಂಟುಬಿದ್ದ ಕೆಲಸ ಮಾತ್ರ ಯಂತ್ರಗಳನ್ನು ಮಲಗಿಸುವುದು! ಎರಡು ಸಾವಿರದ ಇಸವಿ ದಾಟಿ ಒಂದಷ್ಟು ವರ್ಷಗಳಾಗಿದ್ದವು. ಇಂದಿರಾನಗರದ ಹಳೆಯ ಬಂಗಲೆಯೊಂದರ ಮಹಡಿಯ ಮಲಗುವ ಕೋಣೆಯೇ ನಮ್ಮ ಲ್ಯಾಬು. ಅಲ್ಲಿ ನಾವು ಹಾಸಿಗೆ ಹಿಡಿದವರಿಗೆಂದು ಬೆಲ್ಲು ಮಾಡುತ್ತಿದ್ದೆವು. ಕೊರಳಿಗೆ ಹಾಕಿಕೊಳ್ಳುವ ಪುಟ್ಟ ಗುಂಡಿ. ಅದನ್ನು ಒತ್ತಿದರೆ ಪಕ್ಕದ ಕೋಣೆಯಲ್ಲಿಟ್ಟ ಡಬ್ಬಿ ಕೂಗಬೇಕು.

ಗುಂಡಿಯೊಳಗಿನ ಬ್ಯಾಟರಿ ಒಂದು ನಾಣ್ಯದಷ್ಟು. ಅದು ವರ್ಷಗಟ್ಟಲೆ ಬರಬೇಕೆಂದು ಬಾಸಿನ ಹಟ. ಹಾಗಾಗಿ ಯಾರೂ ಒತ್ತದಿದ್ದಾಗ ಚಿಪ್ ಮಲಗಿರುತ್ತಿತ್ತು. ಅದಕ್ಕೆ ತಾಳ ಹಾಕಿಕೊಡುವ ಕ್ರಿಸ್ಟಲ್, ಕೈಗಡಿಯಾರದಲ್ಲಿರುತ್ತದಲ್ಲ, ಅಂಥದ್ದೇ, ಅದನ್ನೂ ನಿಲ್ಲಿಸಿಬಿಟ್ಟಿದ್ದೆವು. ಗುಂಡಿ ಒತ್ತಿದರೆ ಮೊದಲು ಕ್ರಿಸ್ಟಲ್ ಎದ್ದು, ಮೈಮುರಿದು, ತಾಳಕ್ಕೆ ಬರಬೇಕು. ಅದಕ್ಕೆ ಚಿಟಿಕೆ ಹೊಡೆಯುವಷ್ಟು ಹೊತ್ತು. ಆಮೇಲೆ ಚಿಪ್ ನೋಡುತ್ತದೆ, ಬೆರಳು ಇನ್ನೂ ಇದೆಯೇ ಎಂದು. ಇದ್ದರೆ ಕೂಗುತ್ತದೆ. ಇಲ್ಲದಿದ್ದರೆ ಏನೋ ತಾಗಿರಬೇಕೆಂದು ಮತ್ತೆ ಮಲಗುತ್ತದೆ. ಲ್ಯಾಬಿನಲ್ಲಿ ಅದು ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಆಗಲೇ ನಮ್ಮತ್ತೆ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಹಲಸೂರಿನಿಂದ ಕೆ.ಆರ್. ಪುರದ ನಮ್ಮ ಬಾಡಿಗೆ ಮನೆಗೆ ಕರೆತಂದೆವು. ಒಬ್ಬರೇ ಏಳುವ ಹಾಗಿಲ್ಲ, ಕೂಗಿ ಕರೆಯಲು ಗಂಟಲಿಲ್ಲ. ಪರೀಕ್ಷೆಯೂ ಆದೀತೆಂದು ಆಫೀಸಿನ ಒಂದು ಬೆಲ್ಲನ್ನು ತಂದು ಅವರ ಕೊರಳಿಗೆ ಹಾಕಿದೆ.

ಒಂದು ಭಾನುವಾರ ಬೆಳಿಗ್ಗೆ ಕಾಫಿ ಹಿಡಿದು ಅವರ ಕೋಣೆಗೆ ಹೋದರೆ ಅತ್ತೆ ಮಂಚದ ಅಂಚಿನಲ್ಲಿ ಕೂತಿದ್ದಾರೆ. ಸೀರೆ ಒದ್ದೆ, ನೆಲ ಒದ್ದೆ. ಬಗ್ಗಲಾರದೆ ಕಾಲಿನಿಂದಲೇ ಟವೆಲನ್ನು ನೆಲದ ಮೇಲೆ ಎಳೆದಾಡುತ್ತಿದ್ದಾರೆ.

"ಅಯ್ಯೋ ರಾಮ! ಬೆಲ್ ಒತ್ತೋದಲ್ವಾ ಅತ್ತೆ?"

"ಒತ್ತಿದ್ನಲ್ಲಮ್ಮ."

"ಇನ್ನೊಂದ್ಸಲ ಒತ್ತೋಕೇನಾಗಿತ್ತು?"

"ನಿಂಗೆ ಕೇಳ್ಸಿರತ್ತೆ, ಕೈ ಬಿಡುವಿಲ್ವೇನೋ ಅಂದ್ಕೊಂಡೆ. ಮೊನ್ನೇನೂ ಬರ್ಲಿಲ್ಲ ನೀನು. ನಾನೇನೂ ಬೇಜಾರ್ ಮಾಡ್ಕೊಂಡಿಲ್ಲ ಬಿಡು."

ನನಗೆ ಮೈಯೆಲ್ಲ ಉರಿಯಿತು. ಕೇಳಿಸಿಕೊಂಡೂ ಬರದ ಸೊಸೆ ಎಂದು ಇಷ್ಟು ದಿನ ಸುಮ್ಮನೆ ನುಂಗಿಕೊಂಡಿದ್ದಾರೆ! ಹಲಸೂರಿನ ವಠಾರದಲ್ಲಿ ಬಾಳಿದವರು ಅವರು. ಅಲ್ಲಿ ಬಾಗಿಲಲ್ಲಿ ನಿಂತು ಒಮ್ಮೆ ಕರೆದರೆ ಮುಗಿಯಿತು, ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. "ಎರಡನೇ ಸಲ ತಟ್ಟೋನು ಪೊಲೀಸು" ಎನ್ನುತ್ತಿದ್ದರು.

ಸೀರೆ ಬದಲಾಯಿಸಿ, "ಈಗ ನನ್ನೆದುರಿಗೇ ಒತ್ತಿ" ಎಂದೆ. ಕುಂಕುಮ ಇಡುವಷ್ಟು ಮೆತ್ತಗೆ ಮುಟ್ಟಿ ಬೆರಳು ತೆಗೆದರು. ಡಬ್ಬಿ ಕೂಗಲಿಲ್ಲ. ಕ್ರಿಸ್ಟಲ್ ಏಳುವಷ್ಟರಲ್ಲಿ ಅವರ ಬೆರಳು ಮಡಿಲು ಸೇರಿತ್ತು. ಲ್ಯಾಬಿನಲ್ಲಿದ್ದ ನಮಗೆಲ್ಲ ಅದು ಮಲಗಿದೆಯೆಂದು ಗೊತ್ತಿತ್ತಲ್ಲ, ಕೂಗುವವರೆಗೂ ಅಮುಕಿ ಹಿಡಿಯುತ್ತಿದ್ದೆವು.

ಮರುದಿನ ಬಾಸಿನ ಮುಂದೆ ನಿಂತೆ. ಕೂರಿ ಎಂದರೂ ಕೂರಲಿಲ್ಲ.

"ಕ್ರಿಸ್ಟಲ್ ಯಾವಾಗ್ಲೂ ಆನ್ ಇರ್ಬೇಕು ಸಾರ್."

"ಏನ್ರೀ, ಬ್ಯಾಟರಿ ಲೈಫ್ ಹೋಗತ್ತಲ್ರೀ! ಒತ್ತಿ ಹಿಡೀರಿ ಅಂತ ಪ್ಯಾಕೆಟ್ ಮೇಲೆ ಪ್ರಿಂಟ್ ಮಾಡ್ಸೋಣ."

"ಉಚ್ಚೆ ಅವಸರ ಆದಾಗ ಪ್ಯಾಕೆಟ್ ಓದ್ತಾರಾ ಸಾರ್? ಬ್ಯಾಟರಿ ಉಳಿಸ್ಕೊಂಡು ಉಪ್ಪಿನಕಾಯಿ ಹಾಕ್ತೀರಾ?"

ಕೆಲಸ ಹೋಯಿತೆಂದೇ ಅಂದುಕೊಂಡೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. "ಒಂದು ಪೀಸ್ ಮಾಡಿ ನೋಡಿ" ಎಂದರು. ಚಿಪ್ ಮಲಗಿರಲಿ, ಕ್ರಿಸ್ಟಲ್ ಒಂದು ಮಾತ್ರ ಸದಾ ಮಿಡಿಯುತ್ತಿರಲಿ ಎಂದು ಬದಲಿಸಿದೆ. ಬ್ಯಾಟರಿಯ ಆಯುಸ್ಸು ಕಡಿಮೆಯಾಯಿತು, ನಿಜ. ಆದರೆ ಬೆರಳು ತಾಗಿದ ಕ್ಷಣವೇ ಡಬ್ಬಿ ಕೂಗಿತು.

ಹೊಸ ಗುಂಡಿಯನ್ನು ಅತ್ತೆಯ ಕೊರಳಿಗೆ ಹಾಕಿ, ಹಳೆಯದು ಕೂಗಿರಲೇ ಇಲ್ಲ, ಅದಕ್ಕೇ ನಾನು ಬಂದಿರಲಿಲ್ಲ ಎಂದು ಬಿಡಿಸಿ ಹೇಳಿದೆ. "ಹೂಂ" ಎಂದರು. ನಂಬಿದ ಹಾಗೆ ಕಾಣಲಿಲ್ಲ.

ಅಡುಗೆಮನೆ ಸೇರಿ ಹಿಟ್ಟು ಕಲಸುತ್ತಿದ್ದೆ, ಡಬ್ಬಿ ಕೂಗಿತು. ಓಡಿದೆ. "ಏನಿಲ್ಲ" ಎಂದರು. ತಿರುಗಿ ಬಂದು ಹಿಟ್ಟಿಗೆ ಕೈಹಾಕುವಷ್ಟರಲ್ಲಿ ಮತ್ತೆ ಕೂಗಿತು. ಮತ್ತೆ ಓಡಿದೆ.

"ಏನತ್ತೆ?"

"ಏನಿಲ್ಲ ಕಣೆ. ಬರ್ತೀಯಾ ಅಂತ ನೋಡ್ದೆ."

ಸಿಟ್ಟೂ ಬಂತು, ಅಳುವೂ ಬಂತು. "ಆಗ್ಲೂ ಬರ್ತಿದ್ದೆ ಅತ್ತೆ, ನಂಗೆ ಕೇಳಿಸ್ಲೇ ಇಲ್ಲ" ಎಂದೆ. ಅವರು ಗೋಡೆಯ ಕಡೆ ನೋಡುತ್ತ, "ನಂಗ್ ಹೆಂಗಮ್ಮ ಗೊತ್ತಾಗ್ಬೇಕು? ನಾನ್ ಕರೆದೆ, ನೀನ್ ಬರ್ಲಿಲ್ಲ. ನಂಗ್ ಗೊತ್ತಿದ್ದಿದ್ದು ಅಷ್ಟೇ" ಎಂದರು.

ಮೂರನೆಯ ಸಲ ಕೂಗಿದಾಗ ಹಿಟ್ಟಿನ ಕೈಯಲ್ಲೇ ಹೋದೆ, ಏನೆಂದು ಕೇಳಲಿಲ್ಲ. ಅತ್ತೆ ಎರಡೂ ತೋಳು ನನ್ನತ್ತ ಚಾಚಿ ಕೂತಿದ್ದರು.

"ಬಚ್ಚಲಿಗೆ ಹೋಗ್ಬೇಕಿತ್ತು ಕಣೆ" ಎಂದರು.