ಸುಣ್ಣ ಬಳಿಯದ ಮಡಕೆ

ರಂಗ, ನಿನಗೆ ಕುಡಿತ ಕಲಿಸಿದವನು ನಾನು. ಬೇಕೆಂದೇ ಕಲಿಸಿದೆ. ಸಹವಾಸದಿಂದ ಕೆಟ್ಟ ಎಂದು ಊರು ಹೇಳುತ್ತದೆ, ಹಣೆಬರಹ ಎಂದು ನಿನ್ನ ಹೆಂಡತಿ ಹೇಳುತ್ತಾಳೆ — ಎರಡೂ ಅಲ್ಲ. ನಿನ್ನ ಅಪ್ಪನ ಮೇಲೆ ಹಗೆ ತೀರಿಸಿಕೊಳ್ಳಲು ನನಗೆ ಬೇರೆ ದಾರಿ ಕಾಣಲಿಲ್ಲ — ಇಲ್ಲ, ಇದೂ ಸುಳ್ಳು. ಬೇರೆ ದಾರಿ ಹುಡುಕಲೇ ಇಲ್ಲ. ಇದೇ ರುಚಿಯಾಗಿ ಕಂಡಿತು.

ನಿನ್ನ ಅಪ್ಪ ಸಿದ್ದಪ್ಪ ಸಿಂಗಟಗೆರೆಯ ಹೆಂಡದಂಗಡಿಯ ಗುತ್ತಿಗೆ ಹಿಡಿದಿದ್ದ. ನನ್ನ ಅಪ್ಪ ಆ ಅಂಗಡಿಯಿಂದ ಬರುವಾಗ ಕೆರೆಯ ಕಾಲುವೆಯಲ್ಲಿ ಬೋರಲು ಬಿದ್ದು ಸತ್ತ. ಮೊಣಕಾಲು ಮುಳುಗದಷ್ಟು ನೀರು. ಅಷ್ಟು ಕುಡಿಸಿ ಒಬ್ಬನನ್ನೇ ಯಾಕೆ ಕಳಿಸಿದಿರಿ ಎಂದು ನಾನು ಸಿದ್ದಪ್ಪನನ್ನು ಕೇಳಿದೆ. ಹೆಣ ಇನ್ನೂ ಅಂಗಳದಲ್ಲಿತ್ತು. ಅವನು ಎಲೆಅಡಿಕೆ ಉಗಿದು, "ನಾನೇನ್ ಬಾಯಿಗ್ ಸುರಿದ್ನೇನಪ್ಪಾ? ಕುಡಿಯೋನು ಕುಡ್ದ, ಹೋದ" ಎಂದ. ಆ ಮಾತನ್ನು ನಾನು ನುಂಗಲಿಲ್ಲ. ಬಾಯಲ್ಲೇ ಇಟ್ಟುಕೊಂಡೆ.

ಊರಿಗೆಲ್ಲ ಹೆಂಡ ಕುಡಿಸುತ್ತಿದ್ದ ಆ ಮನುಷ್ಯ ತನ್ನ ಮನೆಯನ್ನು ಎಷ್ಟು ಮಡಿಯಾಗಿ ಇಟ್ಟುಕೊಂಡಿದ್ದ! ಅಂಗಡಿಯಿಂದ ಬಂದವನು ಹಿತ್ತಲ ಬಾವಿಯಲ್ಲಿ ಮಿಂದು, ಬಟ್ಟೆ ಬದಲಿಸಿಯೇ ಒಳಗೆ ಕಾಲಿಡುತ್ತಿದ್ದ. ಮನೆಯಲ್ಲಿ ಹೆಂಡದ ಹೆಸರೂ ಎತ್ತುವಂತಿರಲಿಲ್ಲ. ನಿನ್ನನ್ನು ಕಡೂರಿನಲ್ಲಿ ಓದಲು ಬಿಟ್ಟಿದ್ದ. ಹೀಗಾಗಿ ಊರ ಮಕ್ಕಳಿಗೆಲ್ಲ ಗೊತ್ತಿದ್ದದ್ದು ಗುತ್ತಿಗೆದಾರನ ಮಗನಿಗೆ ಮಾತ್ರ ಗೊತ್ತಿರಲಿಲ್ಲ — ಒಳಗೆ ಸುಣ್ಣ ಬಳಿದ ಮಡಕೆ ಕಟ್ಟಿದರೆ ಈಚಲು ಮರದಿಂದ ಇಳಿಯುವುದು ಸಿಹಿ ನೀರಾ; ಬಳಿಯದಿದ್ದರೆ ಅದೇ ಹುಳಿತು ಹೆಂಡವಾಗುತ್ತದೆ.

ಓದು ಮುಗಿಸಿ ನೀನು ಊರಿಗೆ ಬಂದ ಬೇಸಿಗೆಯಲ್ಲಿ ಮೈ ಉಷ್ಣ, ಕಣ್ಣುರಿ ಎಂದು ನರಳುತ್ತಿದ್ದೆ. "ನಮ್ ತೋಟದ್ ಬೇಲೀಲಿ ಈಚಲು ಐತೆ. ಬೆಳಿಗ್ಗೆ ಬಾರೋ, ತಂಪಿಗೆ ನೀರಾ ಕೊಡ್ತೀನಿ" ಎಂದು ನಾನೇ ಕರೆದೆ. ಮೊದಲು ಕೊಟ್ಟದ್ದು ನಿಜಕ್ಕೂ ನೀರಾ. ಆಮೇಲೆ ಮಡಕೆಗೆ ಬಳಿಯುವ ಸುಣ್ಣ ತೆಳುವಾಗುತ್ತ ಹೋಯಿತು, ನೀನು ಬರುವ ಹೊತ್ತನ್ನೂ ಬಿಸಿಲಿನ ಕಡೆಗೆ ಜರುಗಿಸಿದೆ. ಒಂದು ದಿನ ನೀನು ಮುಖ ಕಿವುಚಿ, "ಇವತ್ಯಾಕೋ ಹುಳಿಯಾಗೈತೆ ತಿಮ್ಮಣ್ಣ" ಅಂದೆಯಲ್ಲ? "ಬಿಸ್ಲು ಕಣೋ, ಕುಡಿ" ಎಂದು ನಕ್ಕೆ. ನೀನು ಮತ್ತೆಂದೂ ಕೇಳಲಿಲ್ಲ. ಸುಣ್ಣ ಬಳಿಯುವುದನ್ನು ಪೂರ್ತಿ ಬಿಟ್ಟ ಮೇಲೆ — ನಿನ್ನ ನಾಲಿಗೆ ತೊದಲಿದ್ದನ್ನು ಮೊದಲ ಸಲ ಕೇಳಿದಾಗ — ನನಗೆ ಹಬ್ಬದ ಊಟ ಉಂಡಷ್ಟು ಸುಖವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಮಳೆಗಾಲ ಮುಗಿಯುವುದರೊಳಗೆ ನೀನು ನಿನ್ನಪ್ಪನ ಅಂಗಡಿಯ ಹಿಂಬಾಗಿಲಲ್ಲಿ ನಿಂತಿದ್ದೆ. ಸಿದ್ದಪ್ಪ ನನ್ನ ಬಳಿ ಓಡಿ ಬಂದ. "ನನ್ ಮಗ ನಿನ್ ಮಾತು ಕೇಳ್ತಾನೆ ಕಣಪ್ಪಾ, ಹೆಂಗಾರಾ ಬಿಡಿಸು" ಎಂದು ಅತ್ತ. ಅಷ್ಟು ಕಾಲ ಬಾಯಲ್ಲಿ ಇಟ್ಟುಕೊಂಡಿದ್ದನ್ನು ಅವನ ಮುಖಕ್ಕೇ ಉಗಿದೆ: "ನಾನೇನ್ ಬಾಯಿಗ್ ಸುರಿದ್ನೇನ್ರೀ ಸಿದ್ದಪ್ನೋರೆ? ಕುಡಿಯೋನು ಕುಡ್ದ."

ಅಲ್ಲಿಗಾದರೂ ನಿಲ್ಲಿಸಿದ್ದರೆ... ನಿಲ್ಲಿಸಲಿಲ್ಲ. ಅವನು ಕೊರಗಿ ಸತ್ತ ಮೇಲೂ ನನ್ನ ಹೊಟ್ಟೆ ತಣ್ಣಗಾಗಲಿಲ್ಲ. ಪಾನನಿರೋಧದ ಭಜನೆ ಗುಂಪು ಕಟ್ಟಿದೆ. ಕಡೂರು, ತರೀಕೆರೆ, ಅಜ್ಜಂಪುರದ ಸಂತೆಗಳಲ್ಲಿ ಭಾಷಣ ಮಾಡಿದೆ, ಜನ ಹಾರ ಹಾಕಿದರು. ಹೆಂಡ ಮಾರಿದವನ ಮನೆಯ ಗತಿ ನೋಡಿ ಎಂದು ಪ್ರತಿ ಸಲವೂ ನಿನ್ನ ಹೆಸರು ಹೇಳಿದೆ. ನೀನು ಎದುರಿಗೆ ಸಿಕ್ಕರೆ ಬೆರಳು ಮಾಡಿ ತೋರಿಸಿದೆ. ಕುಡುಕರಿಗೆ ಯಾರೂ ಬೆಂಕಿ, ನೀರು ಕೊಡಬಾರದು, ಊರೊಳಗೆ ಬಿಟ್ಟುಕೊಳ್ಳಬಾರದು ಎಂದು ಸಿಂಗಟಗೆರೆಯಲ್ಲಿ ಕಟ್ಟು ಮಾಡಿಸಿದವನೂ ನಾನೇ. ಅದರಿಂದ ಯಾರು ಬಿಟ್ಟರು? ಕದ್ದು ಕುಡಿದರು, ಅಷ್ಟೇ. ಹೊಟ್ಟೆ ಊದಿದರೂ ಗುಟ್ಟು ರಟ್ಟಾಗುತ್ತದೆಂದು ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಹಾಗೆ ಸತ್ತವರ ಮನೆಗಳಲ್ಲಿ ನಾನೇ ಭಜನೆ ಹಾಡಿದ್ದೇನೆ.

ಮೊನ್ನೆ ಅಜ್ಜಂಪುರದ ಛತ್ರದ ಜಗಲಿಯ ಮೇಲೆ ನಿನ್ನನ್ನು ಕಂಡೆ. ಕಣ್ಣು ಹಳದಿಯಾಗಿತ್ತು, ಕಾಲು ಊದಿಕೊಂಡಿತ್ತು. ಇದು ಕಾಯಿಲೆ, ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಪಥ್ಯ ಕೊಟ್ಟು ನೋಡಿಕೊಂಡರೆ ಉಳಿಯಬಹುದು ಎಂದು ತರೀಕೆರೆಯ ಡಾಕ್ಟರು ಹೇಳಿದ್ದಾರಂತೆ. "ಊರೊಳಕ್ಕೆ ಬಿಡಾಕಿಲ್ಲ ಅಂತಾರೆ, ಎಲ್ಲಿಗ್ ಕರ್ಕೊಂಡ್ ಹೋಗ್ಲಿ? ನೀವೇ ಹೇಳಿ" ಎಂದು ನಿನ್ನ ಹೆಂಡತಿ ನನ್ನ ಮೇಲೆ ರೇಗಿದಳು. ಆಗ ನೀನು ನನ್ನ ಕೈ ಹಿಡಿದುಕೊಂಡು ಅವಳಿಗೆ ಹೇಳಿದೆ: "ತಿಮ್ಮಣ್ಣನ್ನ ಏನೂ ಅನ್ಬೇಡ ಕಣೇ. ಅವನು ಕೊಟ್ಟಿದ್ದು ಬರೀ ನೀರಾ. ಕೆಟ್ಟೋನು ನಾನು."

ಇಷ್ಟು ವರ್ಷ ನೀನು ಹಾಗೆಂದುಕೊಂಡೇ —

ನಿನ್ನ ಅಪ್ಪನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಸುಳ್ಳು ಹೇಳಲಾರೆ. ನನ್ನನ್ನು ಕ್ಷಮಿಸು ಎಂದು ನಿನ್ನನ್ನು ಕೇಳುವುದೂ ಇಲ್ಲ. ಗಾಡಿ ಕಟ್ಟಿಸಿದ್ದೇನೆ. ಛತ್ರಕ್ಕೆ ಬಂದು ಮೊದಲು ಇದನ್ನು ನಿಮ್ಮಿಬ್ಬರಿಗೂ ಓದಿ ಹೇಳುತ್ತೇನೆ. ಅದಾದ ಮೇಲೂ ನೀವು ಗಾಡಿ ಹತ್ತಿದರೆ ಸಿಂಗಟಗೆರೆಗೆ, ನನ್ನ ಮನೆಗೇ ಹೋಗೋಣ. ಊರ ಬಾವಿಯಿಂದ ನಾನೇ ನೀರು ಸೇದಿ, ಎಲ್ಲರೆದುರು ನಿನಗೆ ಕುಡಿಸುತ್ತೇನೆ. ಕಟ್ಟು ಮುರಿದೆಯಲ್ಲ, ಇವನು ನಿನಗೇನಾಗಬೇಕು ಎಂದು ಜನ ಕೇಳಿಯೇ ಕೇಳುತ್ತಾರೆ. ಇವನ ಬಾಯಿಗೆ ಸುರಿದವನು ನಾನು ಎನ್ನುತ್ತೇನೆ.